ಮಳೆಮಾಪಕ ನಮ್ಮ ಓಣಿಯಲ್ಲಿಲ್ಲ

ಬಯಲಲ್ಲಿ ನಡೆಯುವ ಮದುವೆ, ಕಾರ್ಯಕ್ರಮಗಳಿಗೆ ಮಳೆ ವಿಮೆ ಮಾಡಿಸಿದರೆ ಮಳೆಮಾಪಕದ ಲೆಕ್ಕ ನೋಡಿ ದುಡ್ಡು ತಾನಾಗಿಯೇ ಬರುತ್ತದೆ, ತಕರಾರೇ ಇರಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನ ತಕರಾರು ಅಲ್ಲೇ. ದಾವಣಗೆರೆಯಲ್ಲಿ ಶಾಮಿಯಾನ ಹಾಕುವುದು ನನ್ನ ಕೆಲಸ. ಮೇ ತಿಂಗಳ ಮಳೆ ವಿದ್ಯಾನಗರದಲ್ಲಿ ಸುರಿದರೆ ಹಳೇ ಪೇಟೆಯಲ್ಲಿ ಧೂಳು ಏಳುತ್ತಿರುತ್ತದೆ. ಮಾಪಕ ಇರುವ ಕಡೆ ಒಣಗಿದ್ದರೆ ನನಗೇನು ಸಿಗುತ್ತದೆ? ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವ ಚನ್ನಗಿರಿ ಕಡೆಯ ರೈತರನ್ನೇ ಕೇಳಿ. ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟಿ, ಮಾಪಕ ಏನು ಹೇಳುತ್ತೋ ಅಂತ ಕಾಯುತ್ತಾರೆ.

ಇನ್ನೊಂದು, ಮಳೆ ಬಂತು ಅಂತ ನಮ್ಮಲ್ಲಿ ಮದುವೆ ಯಾರು ನಿಲ್ಲಿಸುತ್ತಾರೆ? ಮುಹೂರ್ತ ಮುಹೂರ್ತವೇ. ಹೋದ ವರ್ಷ ಒಂದು ಮದುವೆಯಲ್ಲಿ ನಾಲ್ಕೇ ಹನಿ ಮಳೆ, ಗಾಳಿ ಮಾತ್ರ ಜೋರು. ಗೂಟ ಕಿತ್ತು, ಬಟ್ಟೆ ಹರಿದು ಸೀದಾ ಸಾಂಬಾರಿನ ಕೊಪ್ಪರಿಗೆ ಮೇಲೆ ಬಿತ್ತು. ತಾಳಿಯನ್ನು ಪಕ್ಕದ ಮನೆ ಪಡಸಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದರು! ಕಾರ್ಯಕ್ರಮ ರದ್ದಾಗಲಿಲ್ಲ, ವಿಮೆ ಸಿಗಲು ಬೇಕಾದಷ್ಟು ಮಿಲಿಮೀಟರ್ ಮಳೆಯ ಲೆಕ್ಕವೂ ತುಂಬಲಿಲ್ಲ. ಯಾವ ಲೆಕ್ಕದಲ್ಲಿ ಪರಿಹಾರ ಕೇಳಲಿ? ಗಾಳಿಗೆ ಏನು, ಹರಿದ ಸಾಮಾನಿಗೆ ಏನು ಅಂತ ಒಂದು ಸಾಲಾದರೂ ಬರೆಯಬಹುದಿತ್ತು, ಅಲ್ವಾ?