ರಾಯಭಾರಿ ಬರೀ ಅಂಚೆಯಣ್ಣನಲ್ಲ

ವಿಶ್ವಸಂಸ್ಥೆಯಲ್ಲಿ ರಷ್ಯಾದ ರಾಯಭಾರಿ ವಾಸಿಲಿ ನೆಬೆಂಜ್ಯಾ ಮಾಸ್ಕೋ ಬರೆದುಕೊಟ್ಟಿದ್ದನ್ನು ಓದುವವರಷ್ಟೇ ಎಂದು ಲೇಖನವೊಂದು ಹೇಳಿತ್ತು. ಆ ಮಾತನ್ನು ನಾನು ಒಪ್ಪುವುದಿಲ್ಲ.

2022ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ರಷ್ಯಾಕ್ಕೆ ಬಂದಿತ್ತು. 23ರ ರಾತ್ರಿ ನ್ಯೂಯಾರ್ಕ್‌ನಲ್ಲಿ ತುರ್ತು ಸಭೆ ನಡೆಯುತ್ತಿರುವಾಗಲೇ ಪುಟಿನ್ ಉಕ್ರೇನ್ ಮೇಲೆ ದಾಳಿ ಘೋಷಿಸಿದರು. ಉಕ್ರೇನ್ ರಾಯಭಾರಿ ಕಿಸ್ಲಿತ್ಸ್ಯಾ, ಈಗಲೇ ನಿಮ್ಮ ವಿದೇಶಾಂಗ ಸಚಿವ ಲಾವ್ರೋವ್‌ಗೆ ಫೋನ್ ಮಾಡಿ ಎಂದು ಎದುರಿಗೇ ಕೇಳಿದರು. ಈ ಹೊತ್ತಿನಲ್ಲಿ ಸಚಿವರನ್ನು ಎಬ್ಬಿಸುವುದಿಲ್ಲ ಎಂದ ನೆಬೆಂಜ್ಯಾ, ಇದು ಯುದ್ಧವಲ್ಲ, 'ವಿಶೇಷ ಸೇನಾ ಕಾರ್ಯಾಚರಣೆ' ಎಂದರು. ಆ ಪದವನ್ನು ಮಂಡಳಿಯ ಕಡತಕ್ಕೆ ಸೇರಿಸಿದ್ದೇ ಅವರ ಕೆಲಸ.

ಮರುದಿನ ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯಡಿ ರಷ್ಯಾದ ಪತ್ರ ಹೋಯಿತು. ಆ ವಿಧಿ ಸದಸ್ಯ ರಾಷ್ಟ್ರದ ಮೇಲೆ ಸಶಸ್ತ್ರ ದಾಳಿಯಾದಾಗಿನ ಆತ್ಮರಕ್ಷಣೆಗೆ ಇರುವಂಥದ್ದು. ತಾನು ರಕ್ಷಿಸುತ್ತಿರುವುದಾಗಿ ಹೇಳಿಕೊಂಡ ಪೂರ್ವ ಉಕ್ರೇನ್‌ನ ಡೊನೆತ್ಸ್ಕ್, ಲುಹಾನ್ಸ್ಕ್‌ಗಳನ್ನು ರಷ್ಯಾ 'ದೇಶ' ಎಂದು ಒಪ್ಪಿದ್ದು 21ರಂದು, ಅಂದರೆ ಬರೀ 3 ದಿನ ಮೊದಲು! ವಾದ ಕುಸಿಯುವುದೇ ಇಲ್ಲಿ.

25ರಂದು ಖಂಡನಾ ನಿರ್ಣಯಕ್ಕೆ 11 ಮತ ಬಿದ್ದರೂ ಅದನ್ನು ತಡೆಯಲು ರಷ್ಯಾದ ಒಂದು ವೀಟೊ (ಕಾಯಂ ಸದಸ್ಯರ ತಡೆ ಅಧಿಕಾರ) ಸಾಕಾಯಿತು. ಭಾರತ, ಚೀನಾ, ಯುಎಇ ದೂರ ಉಳಿದವು. 27ರಂದು ವಿಷಯವನ್ನು ಎಲ್ಲ ಸದಸ್ಯ ರಾಷ್ಟ್ರಗಳಿರುವ ಮಹಾಸಭೆಗೆ ಒಯ್ಯುವ ಮತದಾನವು ಬರೀ ಕಾರ್ಯವಿಧಾನದ ವಿಷಯವಾಗಿದ್ದರಿಂದ ವೀಟೊ ನಡೆಯಲಿಲ್ಲ. ಮಾರ್ಚ್ 2ರಂದು ಅಲ್ಲಿ ಖಂಡನಾ ನಿರ್ಣಯದ ಪರ 141, ವಿರುದ್ಧ 5, ತಟಸ್ಥ 35. ಆದರೆ ಮಹಾಸಭೆಯದ್ದು ಶಿಫಾರಸು, ಆದೇಶವಲ್ಲ. ಆ ಮತದಾನದ ಹಿಂದಿನ ದಿನವೇ ಹಾವೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಈ ದಾಳಿಗೆ ಸಿಕ್ಕಿ ಸತ್ತಿದ್ದ.

ನೆಬೆಂಜ್ಯಾಗೆ ಬೇರೆ ದಾರಿ ಇರಲಿಲ್ಲ ಎನ್ನಬೇಡಿ. ಜಿನೀವಾದಲ್ಲಿದ್ದ ರಷ್ಯಾದ ರಾಜತಾಂತ್ರಿಕ ಬೋರಿಸ್ ಬೊಂಡರೆವ್ ಅದೇ ವರ್ಷದ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ತನ್ನ ದೇಶದ ಬಗ್ಗೆ ನಾಚಿಕೆಯಾಗುತ್ತಿದೆ ಎಂದು ಬರೆದರು.