ಎಂಟು ತಿಂಗಳ ಖಾತೆದಾರ

ಸುಗ್ಗಿಯ ಹಬ್ಬ ಹುತ್ತರಿಯಿಂದ ಜನವರಿ ಒಂದರವರೆಗೆ ಕೊಡಗಿನಲ್ಲಿ ಕೊಯ್ಲಿನ ಕಾಲ. ಗದ್ದೆಯಲ್ಲಿ ಭತ್ತ, ತೋಟದಲ್ಲಿ ಕಾಫಿ. ಈಚೆಗೆ ಇವೆರಡರ ಜೊತೆಗೆ ‘ಕಡಿಮೆ ಬಜೆಟ್‌ನಲ್ಲಿ ಮಗುವಿಗೆ ಹಬ್ಬದ ಉಡುಗೊರೆ’ ಎಂಬ ಮೂರನೆಯ ಫಸಲೂ ಸೇರಿಕೊಂಡಿದೆ. ಕದಿರು ತೆಗೆಯುವ ಮುಹೂರ್ತವನ್ನು ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯಿಸುತ್ತಾರೆ. ಮೂರನೆಯ ಫಸಲಿನ ಮುಹೂರ್ತ ನೇರವಾಗಿ ಮೊಬೈಲಿಗೇ ಬರುತ್ತದೆ: ‘ಆಫರ್ ಇಂದು ರಾತ್ರಿ 11.59ಕ್ಕೆ ಮುಕ್ತಾಯ’. ಮರುದಿನ ಬೆಳಿಗ್ಗೆ ಅದೇ ಆಫರ್ ಹಲ್ಲುಜ್ಜಿಕೊಂಡು ಮತ್ತೆ ಬಂದು ನಿಲ್ಲುತ್ತದೆ.

ಇಲ್ಲಿ ಬಜೆಟ್ ಎನ್ನುವುದನ್ನು ತಪ್ಪಾಗಿ ತಿಳಿಯಬಾರದು. ಎಂಟು ತಿಂಗಳ ಕೂಸಿಗೆ ಎಷ್ಟರ ವಸ್ತು ಕೊಡಬೇಕೆಂಬುದನ್ನು ತೀರ್ಮಾನಿಸುವುದು ಕೂಸಿನ ಅಗತ್ಯವಲ್ಲ, ಕೊಡುವವರ ಸಂಬಳವೂ ಅಲ್ಲ. ನಮ್ಮ ಮನೆಯ ನಾಮಕರಣಕ್ಕೆ ಅವರ ಮನೆಯವರು ಏನು ತಂದಿದ್ದರು ಎಂಬ ಮುಯ್ಯಿಯ ಲೆಕ್ಕ. ಈ ಲೆಕ್ಕವನ್ನು ಬರೆದಿಟ್ಟ ಪುಸ್ತಕ ಬೀರುವಿನಲ್ಲಿ, ತೋಟದ ಪಹಣಿಯ ಪಕ್ಕದಲ್ಲೇ, ಅಷ್ಟೇ ಭದ್ರವಾಗಿ ಇರುತ್ತದೆ. “ಅವರು ಬೆಳ್ಳಿ ಕಾಲ್ಗೆಜ್ಜೆ ಹಾಕಿದ್ದರಲ್ಲ ಅತ್ತಿಗೆ, ನಾವು ಬರೀ ಉಲ್ಲನ್ ಟೊಪ್ಪಿ ತೆಗೆದುಕೊಂಡು ಹೋದರೆ ಮುಖ ಎಲ್ಲಿಟ್ಟುಕೊಳ್ಳುವುದು?” ಎಂಬ ಪ್ರಶ್ನೆ ಎದ್ದ ಕ್ಷಣದಲ್ಲಿ ಬಜೆಟ್ ಮಂಡನೆಯಾಗಿ, ಚರ್ಚೆಯಿಲ್ಲದೆ ಅಂಗೀಕಾರವೂ ಆಗಿಬಿಡುತ್ತದೆ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಕೂಸಿಗೆ ನಿಜವಾಗಿ ಬೇಕಾಗಿರುವುದು ಆ ಟೊಪ್ಪಿಯೇ ಎಂದು ಯಾರಾದರೂ ಹೇಳಿದರೆ, ಅವರನ್ನು ಮುಂದಿನ ಸಭೆಗೆ ಕರೆಯುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಯ ಗಡಿ ದಾಟಿದ ಮೇಲಂತೂ ಅರ್ಧ ಗ್ರಾಮಿನ ಉಂಗುರಕ್ಕೆ ಎಲ್ಲಿಲ್ಲದ ಮರ್ಯಾದೆ ಬಂದಿದೆ. ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗಿನ ಆ ಉಂಗುರವನ್ನು ಫೋಟೋ ತೆಗೆಯುವ ತನಕ ಕೂಸಿನ ಬೆರಳಿಗೆ ಒತ್ತಿ ಹಿಡಿದಿರಬೇಕು. ಕೈಗೆ ಸಿಕ್ಕಿದ್ದೆಲ್ಲವನ್ನೂ ಬಾಯಿಗಿಡುವ ವಯಸ್ಸಾದ್ದರಿಂದ ಅತಿಥಿಗಳು ಗೇಟು ದಾಟುವ ಮೊದಲೇ ತಾಯಿ ಅದನ್ನು ಕಿತ್ತು ಡಬ್ಬಿಗೆ ಹಾಕುತ್ತಾಳೆ. ಕೂಸಿನ ಹೆಸರಿನಲ್ಲಿ ಜಮಾ ಮಾಡುವವರೂ ದೊಡ್ಡವರು, ತೆಗೆಯುವವರೂ ದೊಡ್ಡವರು. ತನ್ನ ಖಾತೆಯಲ್ಲಿ ಇಷ್ಟೊಂದು ವ್ಯವಹಾರ ನಡೆದಿದೆಯೆಂಬ ಸುಳಿವೂ ಇಲ್ಲದೆ ಖಾತೆದಾರರು ಚಾಪೆಯ ಅಂಚನ್ನು ಚೀಪುತ್ತ ಮಲಗಿರುತ್ತಾರೆ.

ಚಿನ್ನದ ತಂಟೆ ಬೇಡವೆನ್ನುವವರು ಆನ್‌ಲೈನಿಗೆ ಹೋಗುತ್ತಾರೆ. ಮುನ್ನೂರು ರೂಪಾಯಿಯ ಗಿಲಕಿ ಆರಿಸಿದ ಮೇಲೆ, ಐನೂರು ಮುಟ್ಟಿದರೆ ಡೆಲಿವರಿ ಉಚಿತವೆಂದು ತಿಳಿದು, ನಲವತ್ತು ರೂಪಾಯಿ ಉಳಿಸುವ ಸಲುವಾಗಿ ಇನ್ನೂರರ ಪ್ಲಾಸ್ಟಿಕ್ ಬಾತುಕೋಳಿಯನ್ನೂ ಸೇರಿಸುತ್ತಾರೆ. ಉಚಿತ ಡೆಲಿವರಿಯ ಪಾರ್ಸೆಲ್ ತೋಟದ ಮನೆಯವರೆಗೆ ಬರುವುದಿಲ್ಲ. ಮುಖ್ಯರಸ್ತೆಯ ಗೂಡಂಗಡಿಯಲ್ಲಿ ಇಳಿಯುತ್ತದೆ. ಓಟಿಪಿ ಬರಬೇಕಾದರೆ ಸಿಗ್ನಲ್ ಬೇಕು, ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ದಿಬ್ಬ ಹತ್ತಬೇಕು, ಆನೆ ಇಳಿಯುವ ಹೊತ್ತಾಗಿದ್ದರೆ ದಿಬ್ಬ ಹತ್ತುವಂತಿಲ್ಲ. ಕೊನೆಗೆ ನಲವತ್ತು ರೂಪಾಯಿ ಉಳಿಸಿದವರು ಜೀಪಿಗೆ ಡೀಸೆಲ್ ಹಾಕಿಸಿಕೊಂಡು ಹೋಗಿ ಬಾತುಕೋಳಿಯನ್ನು ಬರಮಾಡಿಕೊಳ್ಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಹಾಲಿನ ಬಾಟಲಿ, ಡೈಪರ್‌ಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತಲ್ಲ, ಆ ಏಳು ಶೇಕಡಾ ಎಲ್ಲಿ ಹೋಯಿತೆಂದು ಕೇಳುವವರು ಈ ಬಾತುಕೋಳಿಯನ್ನು ವಿಚಾರಿಸಬಹುದು.

ಜೀಪೆಂದರೆ ಕೊಡಗಿನವರಿಗೆ ಪ್ರಾಣವಾದ್ದರಿಂದ, ಬೆಂಗಳೂರಿನಲ್ಲಿರುವ ಸೋದರಮಾವ ಕಂತಿನ ಮೇಲೆ ಬ್ಯಾಟರಿ ಜೀಪನ್ನೇ ತರುತ್ತಾನೆ. ಕಂತಿನಲ್ಲಿ ತಂದದ್ದು ಬಜೆಟ್ಟಿನೊಳಗೆ ಎಂಬುದು ಅವನ ಅರ್ಥಶಾಸ್ತ್ರ. ಪೆಟ್ಟಿಗೆಯ ಮೇಲೆ ‘ಮೂರು ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚಾಗಿದೆ. ಭಾವೀ ಚಾಲಕರಿಗೆ ಇನ್ನೂ ನಡೆಯಲೂ ಬರುವುದಿಲ್ಲ. ಹೇಗೂ ತಂದಾಯಿತು, ಒಂದು ಸುತ್ತಾದರೂ ಓಡಿಸೋಣವೆಂದರೆ ಇಳಿಜಾರಿನ ಊರಿನಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಕಣವೊಂದೇ, ಅಲ್ಲಿ ಆಗತಾನೆ ಕೊಯ್ದು ತಂದ ಹಣ್ಣನ್ನು ತೆಳುವಾಗಿ ಹರಡಿರುತ್ತಾರೆ. ಕೂಸನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, ರಿಮೋಟನ್ನು ತಾನು ಹಿಡಿದು, ಮಾವ ಖಾಲಿ ಜೀಪನ್ನು ಹಣ್ಣಿನ ಮೇಲೆ ಎರಡು ಸಲ ಓಡಿಸುವಷ್ಟರಲ್ಲಿ ಅಜ್ಜ ಗೋರುಮಣೆ ಎತ್ತಿಕೊಂಡು ಬರುತ್ತಾರೆ. ಆಮೇಲೆ ಜೀಪು ಟಾರ್ಪಾಲಿನಡಿ ಸೇರುತ್ತದೆ, ಕಂತು ಮುಂದುವರಿಯುತ್ತದೆ.

ಅದೇ ಮಾವ ಬಂದದ್ದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆ ಚನ್ನಪಟ್ಟಣವನ್ನು ಬದಿಗಿಟ್ಟು ಹೋಗುತ್ತದೆ. ಅಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಮಾಡಿದ ಗಿಲಕಿಗಳನ್ನು ಹೀಗೆ ಬದಿಗೆ ಬಿಟ್ಟು ಮುಂದೆ ಬಂದವರು, ಮನೆ ತಲುಪಿದ ಮೇಲೆ ಮೊಬೈಲಿನಲ್ಲಿ ‘ಮಾಂಟೆಸ್ಸರಿ ಮರದ ಆಟಿಕೆ’ ಹುಡುಕುತ್ತಾರೆ.

ಇನ್ನು ಜೇನು. ಕೊಡಗಿಗೆ ಬಂದು ಹೋಗುವವರ ಕೈಯಲ್ಲಿ ಜೇನಿನ ಬಾಟಲಿ ಇರಲೇಬೇಕೆಂಬುದು ಒಂದು ಅಲಿಖಿತ ಕಾಯಿದೆ. ಒಳ್ಳೆಯದು, ಅಗ್ಗದ್ದು, ಊರಿನದು ಎಂಬ ಮೂರು ಸದ್ಗುಣಗಳಿರುವುದರಿಂದ ಕೂಸು ನೋಡಲು ಬರುವವರ ಮೊದಲ ಆಯ್ಕೆಯೂ ಅದೇ. ವರ್ಷ ತುಂಬದ ಮಗುವಿಗೆ ಒಂದು ತೊಟ್ಟು ಜೇನನ್ನೂ ನೆಕ್ಕಿಸಬಾರದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಗಳಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ಬರಬಹುದು ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಇದ್ದಾರೆ. ಹೀಗಾಗಿ ಆಯ್ಕೆಯ ಫಲ ಇಷ್ಟು: ಮನೆಯವರಲ್ಲಿ ಯಾರೊಬ್ಬರು ಮಾತ್ರ ತಿನ್ನಬಾರದೋ ಆ ವಸ್ತುವನ್ನು, ಬಣ್ಣದ ರಿಬ್ಬನ್ ಕಟ್ಟಿ, ಅವರ ಹೆಸರಿಗೇ ಕೊಡಲಾಗುತ್ತದೆ. ತಾಯಿ ನಗುತ್ತ ತೆಗೆದುಕೊಂಡು ಅಟ್ಟದ ಮೇಲಿಡುತ್ತಾಳೆ. ರಾತ್ರಿ ಯಾರೂ ನೋಡದಾಗ ಅಜ್ಜಿ ಅದರಲ್ಲಿ ಬೆರಳದ್ದಿಕೊಂಡು ತೊಟ್ಟಿಲ ಕಡೆ ಹೊರಟರೆ ಮಾತ್ರ ಮನೆಯಲ್ಲಿ ಯುದ್ಧ.

ಸರ್ಕಾರ ಈ ಪಿಡುಗನ್ನು ಸ್ವಲ್ಪಮಟ್ಟಿಗೆ ಮೊದಲೇ ಊಹಿಸಿತ್ತೆನ್ನಬೇಕು. ಶಿಶುಗಳ ಹಾಲಿನ ಪುಡಿ, ಹಾಲೂಡಿಸುವ ಬಾಟಲಿಗಳ ಮಾರಾಟ ಹೆಚ್ಚಿಸಲು ಕಂಪನಿಗಳು ಉಡುಗೊರೆ, ರಿಯಾಯಿತಿಗಳ ಆಮಿಷ ಒಡ್ಡುವುದನ್ನು 1992ರ ಕಾಯಿದೆ ನಿಷೇಧಿಸಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕಂಪನಿಗಳನ್ನೂ ಆಟಿಕೆಗಳನ್ನೂ ಹದ್ದುಬಸ್ತಿನಲ್ಲಿಟ್ಟ ಶಾಸನ, ಚಿಕ್ಕಪ್ಪಂದಿರ ವಿಷಯದಲ್ಲಿ ಮಾತ್ರ ಮೌನವಾಗಿದೆ.

ನಿಜವಾಗಿಯೂ ಬಜೆಟ್ಟಿನೊಳಗಿನ ಉಡುಗೊರೆಯೊಂದು ಈ ನೆಲದಲ್ಲಿತ್ತು. ಗಂಡುಕೂಸು ಹುಟ್ಟಿದಾಗ ಕೊಡವರ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲನ್ನೂ ಅದರ ಎಲೆಯ ತೊಟ್ಟಿನ ಬಾಣವನ್ನೂ ಕೂಸಿನ ಕೈಗೆ ಕೊಡುತ್ತಿದ್ದರು. ಖರ್ಚೆಂದರೆ ಒಂದು ತೋಟಾ. ಈಗ ಹುತ್ತರಿಗೆ ಯಾರಾದರೂ ಅಂಥ ಬಿಲ್ಲನ್ನು ತಂದರೆ, ಐಎಸ್‌ಐ ಗುರುತಿಲ್ಲದ, ಎಂಆರ್‌ಪಿ ಹೊಡೆದುಹಾಕದ, ಬದಲಾಯಿಸಲು ಬಿಲ್ಲೂ ಇಲ್ಲದ ಆ ಬಿಲ್ಲನ್ನು ಮುಯ್ಯಿ ಪುಸ್ತಕದ ಯಾವ ಕಾಲಂಗೆ ಹಾಕುವುದೆಂದು ತಿಳಿಯದೆ, ಮನೆಯವರು ಆ ಹೆಸರಿನ ಮುಂದೆ ‘ಬಂದಿದ್ದರು, ಊಟ ಮಾಡಿಕೊಂಡು ಹೋದರು’ ಎಂದಷ್ಟೇ ಬರೆದುಕೊಳ್ಳಬೇಕಾದೀತು.