ಬ್ರಿಟನ್ನಿಗೆ ಪ್ರತಿವರ್ಷ ಮೊದಲ ಸಲ ಸ್ನೋ ಬೀಳುತ್ತದೆ

ಮತ್ತೆ ಬಿತ್ತು. ಬೆಳಗ್ಗೆ ಆರಕ್ಕೆ ಶಾಲೆಯಿಂದ ಮೆಸೇಜು: ಇವತ್ತು ಶಾಲೆ ಇಲ್ಲ. ಹಿಂದೆಯೇ ರೈಲಿನವರದು: ತೀರಾ ಅನಿವಾರ್ಯವಾದರೆ ಮಾತ್ರ ಮನೆ ಬಿಟ್ಟು ಹೊರಡಿ. ಇನ್ನೇನು ಪ್ರಳಯವೇ ಆಗಿಹೋಯಿತೆಂದು ಪರದೆ ಸರಿಸಿ ನೋಡಿದರೆ, ಎದುರಿಗೆ ನಿಂತ ಕಾರಿನ ಮೇಲೆ ಹೋಳಿಗೆಯಷ್ಟು ದಪ್ಪ ಸ್ನೋ.

ನಗಬೇಡಿ. ಇದು ಉಷ್ಣವಲಯದ ದೇಶ ಅಂದುಕೊಂಡಿದ್ದಾರೆ ಬ್ರಿಟಿಷರು, ಪಾಪ. ಲಂಡನ್ನು ಕೆನಡಾದ ಕ್ಯಾಲ್ಗರಿಗಿಂತ ಚೂರು ಉತ್ತರಕ್ಕೇ ಇದೆ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ. ಅದಕ್ಕೇ ಪ್ರತಿ ಜನವರಿಯೂ ಹೇಳದೆ ಕೇಳದೆ ಬಂದ ನೆಂಟನಾಗಿಬಿಡುತ್ತದೆ. ಪತ್ರಿಕೆಗಳು ಎಂಟು ದಿನ ಮುಂಚೆಯಿಂದಲೇ 'ಆರ್ಕ್‌ಟಿಕ್ ದಾಳಿ', 'ಸ್ನೋ ಬಾಂಬ್' ಎಂದು ಯುದ್ಧದ ಸುದ್ದಿ ಕೊಡುತ್ತಿರುತ್ತವೆ. ಆದರೂ ಬಿದ್ದ ದಿನ ಎಲ್ಲರಿಗೂ ಅಚ್ಚರಿ.

ಸೂಪರ್ ಮಾರ್ಕೆಟ್ಟಿಗೆ ಹೋಗಿ ನೋಡಬೇಕು. ಬ್ರೆಡ್ಡಿನ ಶೆಲ್ಫು ಖಾಲಿ, ಹಾಲಿನ ಶೆಲ್ಫು ಖಾಲಿ. ಉಳಿದಿರುವುದು ಯಾರಿಗೂ ಬೇಡವಾದ ಒಂದು ಗ್ಲುಟನ್ ಇಲ್ಲದ ಬ್ರೆಡ್ಡು, ಅದನ್ನೂ ಇಬ್ಬರು ಹಿಡಿದು ನೋಡಿ ವಾಪಸಿಟ್ಟ ಗುರುತು. ಎರಡು ಇಂಚು ಸ್ನೋಗೂ ನಾಲ್ಕು ಪೌಂಡು ಬ್ರೆಡ್ಡಿಗೂ ಏನು ಸಂಬಂಧವೋ, ಇಲ್ಲಿ ಇಷ್ಟು ವರ್ಷ ಇದ್ದರೂ ನನಗೆ ತಿಳಿದಿಲ್ಲ. ಪಕ್ಕದ ಸಾಲಿನಲ್ಲಿ ತೊಗರಿಬೇಳೆ, ಉದ್ದಿನಬೇಳೆ ಯಾರೂ ಮುಟ್ಟದೆ ಆರಾಮಾಗಿ ಕೂತಿದ್ದವು. ನಮ್ಮವರು ಹೇಗೂ ಕೊಳ್ಳುವುದಿಲ್ಲ. ಕನ್ನಡದವರ ಮನೆಯ ಅಕ್ಕಿ, ಬೇಳೆ, ಉಪ್ಪಿನಕಾಯಿಯಲ್ಲಿ ಒಂದು ಹಿಮಯುಗವನ್ನೇ ದಾಟಬಹುದು.

ಇನ್ನು ರೈಲು. ಈ ವಿಷಯದಲ್ಲಿ ಬ್ರಿಟಿಷರು ಜಗತ್ತಿಗೆ ಕೊಟ್ಟ ಕೊಡುಗೆಯನ್ನು ಮರೆಯುವ ಹಾಗಿಲ್ಲ. 1991ರ ಫೆಬ್ರವರಿಯಲ್ಲಿ ಬ್ರಿಟಿಷ್ ರೈಲಿನ ಹಿರಿಯ ಅಧಿಕಾರಿಯೊಬ್ಬರು ರೇಡಿಯೊದಲ್ಲಿ ಕೂತು, ತೊಂದರೆಯೆಲ್ಲ ಈ ಸಲ ಬಿದ್ದ ಸ್ನೋ ಬೇರೆ ಥರದ್ದಾದ್ದರಿಂದ ಎಂದು ವಿವರಿಸಿದರು. ಜಾತಿ ಹುಡುಕುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ನನಗಿತ್ತು, ಅವತ್ತಿಗೆ ಅದೂ ಹೋಯಿತು. ಅಧಿಕಾರಿ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ ಬಿಡಿ. ಒದ್ದೆ ಸ್ನೋ ಆದರೆ ಬದಿಗೆ ತಳ್ಳಬಹುದು, ಅದು ಒಣ ಪುಡಿ, ನೇರ ಇಂಜಿನ್ನಿನ ಮೋಟರಿನೊಳಗೆ ನುಗ್ಗಿ ಅದನ್ನು ಸುಟ್ಟುಹಾಕಿತ್ತು. ಹದಿನೆಂಟು ವರ್ಷ ಕಳೆದು, 2009ರ ಫೆಬ್ರವರಿ 2ರಂದು ಲಂಡನ್ನಿನ ಅಷ್ಟೂ ಬಸ್ಸುಗಳು ನಿಂತವು. ಹಿಟ್ಲರನ ಬಾಂಬಿನಡಿಯಲ್ಲೂ ಓಡಿದ್ದ ಬಸ್ಸುಗಳು. ಆಗ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಸಮಾಧಾನ ಹೇಳಿದರು: ಈ ಸಲ ಸ್ನೋ ಸರಿಯಾದ ಥರದ್ದೇ, ಬಿದ್ದ ಪ್ರಮಾಣ ಮಾತ್ರ ತಪ್ಪು. ಅಂದರೆ ಹದಿನೆಂಟು ವರ್ಷದಲ್ಲಿ ಅರ್ಧ ಸಮಸ್ಯೆ ಬಗೆಹರಿದಿತ್ತು.

ಲಂಡನ್ನಿನ ದಕ್ಷಿಣಕ್ಕೆ ಬಹುಪಾಲು ರೈಲಿಗೆ ಕರೆಂಟು ತಲೆಮೇಲಿನ ತಂತಿಯಿಂದ ಬರುವುದಿಲ್ಲ. ಹಳಿಗಳ ಪಕ್ಕದಲ್ಲೇ, ನೆಲಕ್ಕೆ ಗೇಣುದೂರದಲ್ಲಿ ಮೂರನೆಯದೊಂದು ಹಳಿ. ಅದರಲ್ಲಿ 750 ವೋಲ್ಟ್, ಮೇಲ್ಭಾಗ ಆಕಾಶಕ್ಕೆ ತೆರೆದಿದೆ. ರೈಲಿನ ಬುಡದಿಂದ ಚಾಚಿದ ಲೋಹದ ತುಂಡು ಅದರ ಮೇಲೆ ಸವರಿಕೊಂಡು ಹೋಗುತ್ತಾ ಕರೆಂಟು ತಗೊಳ್ಳಬೇಕು. ಮಳೆ, ಚಳಿ, ಮಂಜು ಬಿಟ್ಟರೆ ಬೇರೇನೂ ಇಲ್ಲದ ನಾಡಿನಲ್ಲಿ ಇದನ್ನು ಹಾಕಿದ ಮಹಾನುಭಾವರಿಗೆ ನಮಸ್ಕಾರ. ಸ್ವಲ್ಪ ಮಂಜುಗಡ್ಡೆ ಕಟ್ಟಿದರೆ ಆಟ ಮುಗಿಯಿತು. 2018ರ ಮಾರ್ಚ್ 2ರ ಸಂಜೆ ಲಂಡನ್ನಿನ ಲೂಯಿಶಮ್ ಹತ್ತಿರ ಹೀಗೇ ಒಂದರ ಹಿಂದೊಂದು ರೈಲು ನಿಂತು, ಜನ ಗಂಟೆಗಟ್ಟಲೆ ಕಾದು, ಕೊನೆಗೆ ತಾವೇ ಬಾಗಿಲು ತೆರೆದು ಹಳಿಗೆ ಧುಮುಕಿದರು, ಕರೆಂಟು ಹರಿಯುವ ಆ ಮೂರನೇ ಹಳಿಯ ಪಕ್ಕಕ್ಕೇ. ಯಾರೂ ಸಾಯಲಿಲ್ಲ ಎನ್ನುವುದನ್ನು ವ್ಯವಸ್ಥೆಯ ಯಶಸ್ಸೆಂದು ಲೆಕ್ಕಕ್ಕೆ ಹಿಡಿಯಬಹುದೇನೋ.

ಒಂದು ವಿಷಯದಲ್ಲಿ ಮಾತ್ರ ಇವರನ್ನು ಮನಸಾರೆ ಹೊಗಳಬೇಕು. 2010ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಎಂ8 ಹೆದ್ದಾರಿಯಲ್ಲಿ ಜನ ರಾತ್ರಿಯಿಡೀ ಕಾರುಗಳಲ್ಲೇ ನಡುಗುತ್ತಾ ಕೂತಿದ್ದರು. ಅಲ್ಲಿನ ಸಾರಿಗೆ ಸಚಿವರು ಟಿವಿಗೆ ಬಂದು ನಮ್ಮ ಕೆಲಸ ಫಸ್ಟ್ ಕ್ಲಾಸ್ ಅಂದರು. ಇಲ್ಲಿಯವರೆಗೆ ಎಲ್ಲವೂ ನಮಗೆ ಪರಿಚಿತವೇ. ಆದರೆ ವಾರ ಕಳೆಯುವ ಮೊದಲೇ ಆ ಸಚಿವರು ರಾಜೀನಾಮೆ ಕೊಟ್ಟರು. ಬೆಂಗಳೂರಿನ ಓದುಗರು ಈ ವಾಕ್ಯವನ್ನು ಇನ್ನೊಂದು ಸಲ ನಿಧಾನವಾಗಿ ಓದಿಕೊಳ್ಳಬಹುದು.

ಉಪ್ಪಿನ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ರಸ್ತೆಗೆ ಕಲ್ಲುಪ್ಪು ಎರಚಿದರೆ ಮಂಜುಗಡ್ಡೆ ಕಟ್ಟುವುದಿಲ್ಲ. ಅದಕ್ಕಾಗಿ ಊರಿಗೊಂದು ಉಪ್ಪಿನ ಗುಡ್ಡೆ, ಎರಚಲು ಲಾರಿ. 2010ರ ಜನವರಿಯಲ್ಲಿ ಆ ಗುಡ್ಡೆಗಳು ಕರಗಿ, ಎರಚುವುದನ್ನು ಕಾಲು ಭಾಗ ಕಡಿಮೆ ಮಾಡಿ ಎಂದು ಸರ್ಕಾರ ಅಪ್ಪಣೆ ಹೊರಡಿಸಿತು. ಉಪ್ಪಿಲ್ಲ! ಚೆಶೈರ್ ಜಿಲ್ಲೆಯ ನೆಲದಡಿಯಲ್ಲಿ ಉಪ್ಪು ಬಿಟ್ಟರೆ ಬೇರೇನಿಲ್ಲ, ಅಲ್ಲಿನ ವಿನ್ಸ್‌ಫರ್ಡ್ ಗಣಿಯಲ್ಲಿ 1844ರಲ್ಲೇ ತೋಡಲು ಶುರುಮಾಡಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಚೆಶೈರಿನ ಉಪ್ಪನ್ನು ಲಿವರ್‌ಪೂಲಿನಲ್ಲಿ ಹಡಗಿಗೆ ತುಂಬಿ ಕಲ್ಕತ್ತಾಕ್ಕೆ ಸಾಗಿಸಿ, ಸಮುದ್ರದ ದಂಡೆಯಲ್ಲೇ ಕೂತ ನಮ್ಮ ಜನಕ್ಕೆ ಮಾರಿದವರು ಇವರು. ನಾವೇ ಉಪ್ಪು ಮಾಡಿಕೊಳ್ಳುವುದು ಅಪರಾಧ. 1930ರಲ್ಲಿ ಅಂಕೋಲೆಯ ಜನ ಆ ಕಾನೂನು ಮುರಿಯಲೆಂದೇ ಕಡಲ ನೀರು ಕಾಯಿಸಿ ಉಪ್ಪು ಮಾಡಬೇಕಾಯಿತು. ಅಂಥ ಉಪ್ಪಿನ ದೊರೆಗಳು ಎಂಬತ್ತು ವರ್ಷದ ನಂತರ ತಮ್ಮ ರಸ್ತೆಗೆ ಎರಚಲು ಹೊರದೇಶಗಳಿಂದ ಹಡಗಿನಲ್ಲಿ ಉಪ್ಪು ತರಿಸಿಕೊಂಡರು. ಅಂಕೋಲೆಯವರಿಗೆ ಒಂದು ಮಾತು ಕೇಳಿದ್ದರೆ ಕಳಿಸಿಕೊಡುತ್ತಿದ್ದರು, ತೆರಿಗೆ ಸೇರಿಸಿ.

ನಮ್ಮ ಬೀದಿಯ ಮೂಲೆಯಲ್ಲೂ ಕೌನ್ಸಿಲ್ಲಿನವರು ಇಟ್ಟ ಹಳದಿ ಉಪ್ಪಿನ ಪೆಟ್ಟಿಗೆಯಿದೆ. ಮುಚ್ಚಳ ಎತ್ತಿದರೆ ಮೂರು ಬಿಯರ್ ಕ್ಯಾನು, ಒಂದು ಒಂಟಿ ಕೈಗವಸು, ಚಿಪ್ಸಿನ ಖಾಲಿ ಪ್ಯಾಕೆಟ್ಟು, ಕೆಳಗೆ ಹಾರೆಗೂ ಬಗ್ಗದೆ ಕಲ್ಲಾಗಿ ಕೂತ ಕಂದು ಉಪ್ಪು. ಸ್ಕಾಟ್ಲೆಂಡಿನವರು ಈ ವಿಷಯದಲ್ಲಿ ಮುಂದೆ. ಅಲ್ಲಿ ಉಪ್ಪಿನ ಲಾರಿಗಳಿಗೆ ನಾಮಕರಣ ಮಾಡುತ್ತಾರೆ: ಸರ್ ಆಂಡಿ ಫ್ಲರಿ (ಟೆನಿಸ್ಸಿನ ಆಂಡಿ ಮರ್ರೆ), ಸರ್ ಸಾಲ್ಟರ್ ಸ್ಕಾಟ್ (ಕಾದಂಬರಿಕಾರ ವಾಲ್ಟರ್ ಸ್ಕಾಟ್). ಯಾವ ಲಾರಿ ಈಗ ಯಾವ ರಸ್ತೆಯಲ್ಲಿದೆ ಎಂದು ಮನೆಯಲ್ಲೇ ಕೂತು ಮ್ಯಾಪಿನಲ್ಲಿ ನೋಡಬಹುದು. ಜಾರಿ ಬಿದ್ದು ಸೊಂಟ ಮುರಿದುಕೊಂಡವರಿಗೆ ಕಾಲಕ್ಷೇಪಕ್ಕಾಯಿತು.

ಒಂದು ನ್ಯಾಯದ ಮಾತೂ ಇದೆ. ಇಲ್ಲಿ ಭಾರಿ ಸ್ನೋ ಬೀಳುವುದು ಅಪರೂಪ, ಅದಕ್ಕಾಗಿ ಫಿನ್ಲೆಂಡಿನಂತೆ ಪ್ರತಿವರ್ಷ ದುಡ್ಡು ಸುರಿಯುವುದು ದಂಡ ಎನ್ನುತ್ತಾರೆ. ಒಪ್ಪಿದೆ. ರೈಲು ನಿಲ್ಲಲಿ, ಶಾಲೆ ಮುಚ್ಚಲಿ, ಮಕ್ಕಳು ಸ್ನೋಮ್ಯಾನ್ ಮಾಡಿಕೊಳ್ಳಲಿ, ದೊಡ್ಡವರು ಅದರ ಫೋಟೊ ಹಾಕಲಿ. ಟಿವಿಯವರು ಮೊಣಕಾಲೆತ್ತರ ಬಿದ್ದ ಜಾಗ ಹುಡುಕಿ, ಅಲ್ಲಿ ಒಬ್ಬ ವರದಿಗಾರನನ್ನು ನಿಲ್ಲಿಸಿ, ತುಂಬಾ ಚಳಿಯಿದೆ ಅನ್ನಿಸಲಿ.

ಆದರೆ ಕ್ಯಾಮೆರಾ ಹೋಗದ ಒಂದು ಜಾಗವಿದೆ, ಮನೆಯ ಒಳಗೆ. ಬಡತನದ ಪಿಂಚಣಿಯಲ್ಲಿರುವವರಿಗೆ ಇಂಗ್ಲೆಂಡಿನಲ್ಲಿ 'ಚಳಿ ಭತ್ಯೆ' ಎಂದೊಂದಿದೆ, 25 ಪೌಂಡು. ಕೊಡುವ ಷರತ್ತು ಕೇಳಿ. ನವೆಂಬರ್ 1ರಿಂದ ಮಾರ್ಚ್ 31ರೊಳಗೆ, ನಿಮ್ಮ ಪಿನ್‌ಕೋಡಿಗೆ ಜೋಡಿಸಿದ ಹವಾಮಾನ ಕೇಂದ್ರದಲ್ಲಿ, ಸತತ ಏಳು ದಿನಗಳ ಸರಾಸರಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ಇಲ್ಲವೇ ಇರುತ್ತದೆಂಬ ಮುನ್ಸೂಚನೆ ಇರಬೇಕು. ಆರು ದಿನ ಸಾಲದು. ಮೂರು ದಿನ ಚಳಿ, ಒಂದು ದಿನ ಜೋರು ಬಿಸಿಲು, ಮತ್ತೆ ಮೂರು ದಿನ ಚಳಿ, ಆ ಒಂದು ದಿನ ಸರಾಸರಿಯನ್ನು ಸೊನ್ನೆಗಿಂತ ಮೇಲೆತ್ತಿದರೆ ಅದೂ ನಡೆಯುವುದಿಲ್ಲ. ಮೈಗೆ ಲೆಕ್ಕ ಬರುವುದಿಲ್ಲ, ಅದು ಎರಡನೇ ದಿನಕ್ಕೇ ನಡುಗುತ್ತದೆ. ಸ್ಕಾಟ್ಲೆಂಡಿನವರು 2023ರಿಂದ ಈ ಥರ್ಮಾಮೀಟರಿನ ಸಹವಾಸವೇ ಬೇಡವೆಂದು ವರ್ಷಕ್ಕಿಷ್ಟು ಎಂದು ಕೊಟ್ಟುಬಿಡುತ್ತಿದ್ದಾರೆ. ಆಗುವ ಕೆಲಸವೇ ಅದು, ಆಗದಂಥದ್ದಲ್ಲ.

2024ರ ಜುಲೈಯಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೃದ್ಧರಿಗೆ ಚಳಿಗಾಲದ ಇಂಧನಕ್ಕೆಂದು ಕೊಡುತ್ತಿದ್ದ 200-300 ಪೌಂಡನ್ನು ಹೆಚ್ಚಿನವರಿಗೆ ನಿಲ್ಲಿಸಿದರು. ಒಂದು ಕೋಟಿಗೂ ಹೆಚ್ಚಿದ್ದ ಫಲಾನುಭವಿಗಳು ಹದಿನೈದು ಲಕ್ಷದ ಆಸುಪಾಸಿಗೆ ಇಳಿದರು. ಮರುವರ್ಷ ಜೂನಿನಲ್ಲಿ, ಬೇಸಿಗೆ ಹತ್ತಿದ ಮೇಲೆ, ನಿರ್ಧಾರ ಬಹುಪಾಲು ಹಿಂದಕ್ಕೆ ಹೋಯಿತು. ನಡುವಿನ ಒಂದು ಚಳಿಗಾಲ ಜನ ಹೇಗೋ ಕಳೆದರು. ಎಲ್ಲರೂ ಕಳೆದರೋ ಇಲ್ಲವೋ ಯಾರೂ ಕೇಳಲಿಲ್ಲ. ನನಗೆ ಇದರಲ್ಲಿ ತಮಾಷೆ ಹುಟ್ಟುತ್ತಿಲ್ಲ, ಕ್ಷಮಿಸಿ.

ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಹತ್ತಕ್ಕೆ ಲೈಬ್ರರಿಗೆ ಹೊರಡುತ್ತಾಳೆ. ಓದಲಿಕ್ಕಲ್ಲ, ಅಲ್ಲಿ ಹೀಟರ್ ಇದೆ. ಮೈಮೇಲೆ ಎರಡು ಸ್ವೆಟರು, ಕೋಟಿನೊಳಗೆ ಬಿಸಿನೀರಿನ ಚೀಲ. ಈ ಸಲ ಐದು ದಿನ ಸೊನ್ನೆಗಿಂತ ಕೆಳಗೇ ಇತ್ತು, ಇನ್ನೆರಡು ದಿನ ಎಂದು ಬೆರಳೆಣಿಸಿಕೊಂಡು ಕೂತಿದ್ದಳು. ನಿನ್ನೆ ಜೋರು ಬಿಸಿಲು ಬಂತು, ಏಳು ದಿನದ ಸರಾಸರಿ ಸೊನ್ನೆಗಿಂತ ಮೇಲೇರಿತು. ಬೀದಿಯವರೆಲ್ಲ ಖುಷಿಯಾಗಿ ಹೊರಗೆ ಬಂದರು. ಇವಳಿಗೆ 25 ಪೌಂಡು ಹೋಯಿತು. ರಾತ್ರಿ ಮತ್ತೆ ಸ್ನೋ ಬಿದ್ದಿದೆಯಲ್ಲ, ಅದು ಅವಳ ಲೆಕ್ಕದಲ್ಲಿ ಮೊದಲನೇ ದಿನ.